ಕುಂಚಾವರಂ ವಸ್ತಿ ಗಾಡಿ

ಅಲ್ಲ ಮಲಂಗ್ ಭಾಯಿ, ನನ್ನ ಭಾಷಣ ಚಲೋ ಆತು ಅಂತ ನಿನಗ ಹೇಳಿದವ್ರು ಯಾರು? ಡಿಪೋ ಮುಂದಿನ ಚಹಾದಂಗಡಿಯವನಾ? ಅವನ ಮಾತು ಬಿಡು. ಮೀಟಿಂಗ್ ಉದ್ದ ಆದಷ್ಟೂ ಅವನ ಚಹಾ ಖರ್ಚಾಗ್ತದ. ಚಲೋ ಆಗಿದ್ದು ಅವನಿಗಿ, ನನಗಲ್ಲ.

ಹೇಳ್ತೀನಿ, ಹೇಳ್ತೀನಿ... ಚಿಂಚೋಳಿ ಬಿಟ್ಟಾಗಿಂದ ಅದೇ ಹಾಡು ಹಚ್ಚಿದಿ. ಟಿಕೀಟ ಹರಿಯೋದು ಮುಗಿದದ, ಚೀಲ ಬಗಲಾಗ ಅದ, ಇನ್ನ ಕಂಡಕ್ಟರಿಗಿ ಏನು ಕೆಲಸ? ಬಾನೆಟ್ ಮ್ಯಾಲ ಕುಂತು ಡ್ರೈವರನ ತಲಿ ತಿನ್ನೋದು. ಇಂಜಿನ್ ಮ್ಯಾಲ ಕುಂತು ಕುಂತು ಸುಡಂಗಿಲ್ಲೇನು ನಿನಗ? ಹಿಂದ ಅಷ್ಟು ಸೀಟು ಖಾಲಿ ಬಿದ್ದಾವ. ಎಷ್ಟು ಮಂದಿ ಉಳದಾರ? ಐದಾರು ಮಂದೀನಾ? ಅಷ್ಟೇ. ಕುಂಚಾವರಂ ಮುಟ್ಟೋ ತನಕ ಇನ್ನ ಯಾರೂ ಹತ್ತಂಗಿಲ್ಲ. ಈ ಅಡವ್ಯಾಗ ಹತ್ತಾಕ ಮಂಗ್ಯಾ ಬಿಟ್ರ ಯಾರದಾರ?

ಹಾಂ, ಎಡಕ್ಕ. ಗೊತ್ತದ. ಹುಣಸಿ ಗಿಡ... ಗೊತ್ತದ ಅಂದ್ನಲ್ಲ. ಒಂಬತ್ತು ವರ್ಷ ಆತು, ಆ ಗಿಡ ಅಲ್ಲೇ ಅದ. ನಾ ಬಂದೆ ಅಂತ ಎದ್ದು ನಿಂದ್ರಂಗಿಲ್ಲ. ನೀ ಬ್ಯಾರೆ ಕಂಡಕ್ಟರಂಗಲ್ಲ ಬಿಡು ಮಲಂಗ್ ಭಾಯಿ. ಅವ್ರು ಊರು ಬಂದ್ರ ಊರಿನ ಹೆಸರು ಕೂಗ್ತಾರ. ನೀ ಗಿಡ ಬಂದ್ರ ಗಿಡ, ದಿನ್ನಿ ಬಂದ್ರ ದಿನ್ನಿ. ಹುಣಸಿ ಗಿಡಕ್ಕ ಯಾರು ಇಳೀಬೇಕು, ದೆವ್ವಾ? ಟಿಕೀಟ ಕೊಟ್ಟೀಯೇನು ಅದಕ್ಕ?

ನಗು, ನಗು. ನೀ ನಕ್ಕಿ ಅಂದ್ರ ಅರ್ಧ ಹಾದಿ ಸವೀತದ.

ಹೆಡ್‌ಲೈಟ್ ಹಚ್ಚೀನಲ್ಲ. ಹೊತ್ತು ಮುಳುಗಾಕತ್ತಿದಾಗೇ ಹಚ್ಚೀನಿ. ಇದೂ ಒಂದು ಹೆಡ್‌ಲೈಟ್! ಮೊಹರಮ್ಮಿನ ದೀವಟಿಗಿ ಇದಕ್ಕಿಂತ ಚಲೋ ಬೆಳಕು ಕೊಡ್ತದ. ಮೆಕ್ಯಾನಿಕಗ ಹತ್ತು ಸಲ ಹೇಳೀನಿ. ಚಲೋ ಅದ ಅಂತಾನ ಅವ. ನಿನ್ನಂಥವನಿಗೂ ಚಲೋ ಅದ ಅನ್ನಸ್ತದ. ಇರ್ಲಿ.

ಮೀಟಿಂಗ್... ಮೊದಲು ಒಂದು ಮಾತು ತಿಳಕೊ. ಇದು ಡ್ರೈವರಗಳ ಮೀಟಿಂಗ್. ಕಂಡಕ್ಟರಗಳನ್ನ ಯಾಕ ಕರೀಲಿಲ್ಲ ಅಂತ ನೀ ಮಾರಿ ಉಬ್ಬಿಸಿಕೊಂಡು ಕುಂತಿದ್ದಿ, ಸೇಡಂ ಡಿಪೋದಾಗ ನೋಡ್ದೆ. ಕರೀಲಿಲ್ಲ ಯಾಕಂದ್ರ ಹೋಗೋದು ಡ್ರೈವರ್, ಕಂಡಕ್ಟರ್ ಅಲ್ಲ. ಬಿಡಿಸಿ ಹೇಳ್ತೀನಿ, ನಡುವ ಬಾಯಿ ಹಾಕಬ್ಯಾಡ. ಸಣ್ಣ ಸಣ್ಣ ರೂಟ್ ಅದಾವಲ್ಲ, ಕಚ್ಚಾ ರೋಡಿನವು, ಪ್ಯಾಸೆಂಜರ್ ಕಮ್ಮಿ ಇರೋವು... ಅವನ್ನ ನಾವು ಹೊಡ್ಯೋದು ಬ್ಯಾಡ ಅಂತ ಮ್ಯಾಲಿನವ್ರ ವಿಚಾರ. ಜಹೀರಾಬಾದ ಕಡಿ ಒಬ್ಬ ಸೇಠ ಇದ್ದಾನ. ಅವನ ಹತ್ರ ಸಣ್ಣ ಗಾಡಿ ಅದಾವ. ಅವನಿಗಿ ಗುತ್ತಿಗಿ. ಗಾಡಿ ಅವಂದು, ಡ್ರೈವರ್ ಅವನವ. ಆದ್ರ ಗಾಡಿಗಿ ಬಣ್ಣ ನಮ್ಮದು, ಬೋರ್ಡ್ ನಮ್ಮದು, ಟಿಕೀಟ ನಮ್ಮದು, ಟಿಕೀಟ ಹರಿಯಾವ ನಮ್ಮವ. ಅಂದ್ರ ನೀ. ಪ್ಯಾಸೆಂಜರ್ ಸರಕಾರಿ ಗಾಡಿ ಅಂತ ತಿಳಕೊಂಡು ಹತ್ತತಾನ, ಸ್ಟೇರಿಂಗ್ ಮ್ಯಾಲ ಸೇಠನ ಮನುಷ್ಯ. ಗಡಗಿ ನಮ್ಮದು, ಸಾರು ಮಂದೀದು.

ಸೇಠನ ಡ್ರೈವರಗಳು ಯಾರು ಗೊತ್ತದೇನು? ನಿನ್ನೆ ತನಕ ಶಹಾಬಾದದಾಗ ಫರ್ಸಿ ಕಲ್ಲಿನ ಲಾರಿ ಹೊಡೆದವ್ರು. ಪಗಾರ ನಮ್ಮದರಾಗ ಅರ್ಧ. ಕಲ್ಲಿಗೇನು, ಗುಂಡ್ಯಾಗ ಹಾರಿಸಿದ್ರೂ ಯವ್ವಾ ಅನ್ನಂಗಿಲ್ಲ. ಮಂದಿ ಅಂತಾರ.

ಮೊದಲನೇ ರೂಟ್ ಯಾವುದು? ಕುಂಚಾವರಂ ವಸ್ತಿ. ಈ ನಮ್ಮ ಗಾಡಿ. ಕೊಡಬೇಕೋ ಬ್ಯಾಡೋ ನೀವೇ ಕೂಡಿ ಹೇಳ್ರಿ, ನೀವು ಒಲ್ಲೆ ಅಂದ್ರ ನಾವು ಮುಟ್ಟಂಗಿಲ್ಲ ಅಂತ ಡಿಪೋ ಸಾಹೇಬ್ರು ಅಂದಿದ್ರು. ಒಳ್ಳೇ ಸಾಹೇಬ್ರು. ಕೊಳ್ಳು ನಮ್ಮದು, ಹಗ್ಗಾನೂ ನಮ್ಮ ಕೈಯಾಗೇ ಕೊಟ್ರು.

ಬಲಕ್ಕ? ಹಾಂ. ಹಗೂರ ತಗೋತೀನಿ.

ಮೊದಲು ಎದ್ದವ ಅಲ್ಲಾವುದ್ದೀನ. ಹೈದರಾಬಾದ ಎಕ್ಸ್‌ಪ್ರೆಸ್ ಹೊಡೀತಾನಲ್ಲ, ಅವನೇ ಮೊದಲು ಏಳಬೇಕು. ಕಪ್ಪು ಕನ್ನಡಕ ತಗೀಲೇ ಇಲ್ಲ. ಕೋಣ್ಯಾಗ ಯಾವ ಬಿಸಲು? ಅವ ಅಂದ, "ಬೇಗಂಪೇಟದಾಗ ನಾ ಕಣ್ಣಾರೆ ನೋಡೀನಿ. ದೊಡ್ಡ ವಿಮಾನ ಹೊಡಿಯೋ ಪೈಲಟ್ ಸಣ್ಣ ವಿಮಾನದ ಮಾರಿ ಸೈತ ನೋಡಂಗಿಲ್ಲ. ಅದಕ್ಕ ಬ್ಯಾರೆ ಕಂಪನಿ, ಬ್ಯಾರೆ ಪೈಲಟ್. ದೊಡ್ಡವರಿಗಿ ಇಜ್ಜತ್ ಬರೋದು ಸಣ್ಣದನ್ನ ಬಿಟ್ಟಾಗ. ನಾವೂ ಬಿಡಬೇಕು." ವಿಮಾನದ ವಿಚಾರ ಖರೇನೋ ಸುಳ್ಳೋ, ಯಾರಿಗಿ ಗೊತ್ತದ? ಆದ್ರ ಪೈಲಟ್ ಅಂದ ಕೂಡಲೇ ಎಲ್ಲಾರೂ ಎದಿ ಸೆಟೆಸಿ ಕುಂತ್ರು. ನಾನೂ ಕುಂತೆ. ನನ್ನ ಖಾಕಿ ಅಂಗಿಗಿ ಎರಡು ಗುಂಡಿ ಇದ್ದಿಲ್ಲ, ಎದಿ ಸೆಟೆಸಿದ್ದಕ್ಕ ಮೂರನೇದೂ ಹೋತು.

ಆಗ ಸಾಯಬಣ್ಣ ಎದ್ದ. ಹೊಸ ಹುಡುಗ, ವಾಡಿ ಗಾಡಿ ಹೊಡೀತಾನಲ್ಲ, ಅವ. "ಅಲ್ಲಾವುದ್ದೀನ ಕಾಕಾ, ವಿಮಾನದ ಮ್ಯಾಲ ಕುರಿ ಕಟ್ಟತಾರೇನ್ರಿ? ನಿಮ್ಮ ಎಕ್ಸ್‌ಪ್ರೆಸ್ ಮ್ಯಾಲ ನಿನ್ನೆ ನಾಕು ಇದ್ವು." ಮೀಟಿಂಗ್ ಎಲ್ಲಾ ಬಿದ್ದು ಬಿದ್ದು ನಕ್ತು. ಆಮ್ಯಾಲ ಆ ಹುಡುಗ ಅಂದ ನೋಡು ಒಂದು ಮಾತು, ನನಗ ಎದಿಗಿ ಬಡೀತು. "ಇವತ್ತು ಕುಂಚಾವರಂ ಕೊಡ್ತೀರಿ. ನಾಳೆ ಸೇಠ ಕೊಡ್ಲಿ ಊರಿನ ರೂಟ್ ಕೇಳ್ತಾನ. ನಾಡದು ಚಿತ್ತಾಪುರ, ಆಮ್ಯಾಲ ವಾಡಿ. ನೀವೆಲ್ಲಾ ಸಣ್ಣ ರೋಡಿನಾಗ ಕಲ್ತು ದೊಡ್ಡ ರೋಡಿಗಿ ಹೋದವ್ರು. ನಾವು ಎಲ್ಲಿ ಕಲೀಬೇಕ್ರಿ? ಸೇಠ ಅಗ್ಗಕ್ಕ ಹೊಡೀತಾನ ಅಂತ ಗೊತ್ತಾದ ಮ್ಯಾಲ ನಿಮ್ಮ ಹೈದರಾಬಾದ ಗಾಡಿ ಯಾಕ ಬಿಡ್ತಾರ?" ಅಲ್ಲಾವುದ್ದೀನ ಕನ್ನಡಕ ತಗದ.

ಹೌದು, ಆಮ್ಯಾಲ ನಾ ಎದ್ದೆ. ಎದ್ದೆ ಅಂದ್ರ, ಎಬ್ಬಿಸಿದ್ರು. ಯೂನಿಯನ್ ಸೆಕ್ರೆಟರಿ ಚಂದ್ರಾಮ ಅಂದ, "ರೂಟ್ ಖಂಡೆಪ್ಪಂದು, ಖಂಡೆಪ್ಪ ಮಾತಾಡ್ಲಿ." ಸಭಿಕರೇ ಅಂದೆ. ಆ ಮಾತು ಎಲ್ಲಿಂದ ಬಾಯಿಗಿ ಬಂತೋ ಗೊತ್ತಿಲ್ಲ. ನಮ್ಮ ಮನ್ಯಾಗ ಯಾರೂ ಹಂಗ ಅಂದವ್ರಲ್ಲ. ಆಮ್ಯಾಲ, ವಸ್ತಿ ಗಾಡಿ ಅಂದ್ರ ಏನು ಅಂತ ಸುರು ಮಾಡ್ದೆ. ವಸ್ತಿ ಗಾಡಿ ಅಂದ್ರ ಸಂಜಿಗಿ ಊರಿಗಿ ಹೋಗಿ, ರಾತ್ರಿ ಅಲ್ಲೇ ವಸ್ತಿ ಇದ್ದು, ಮುಂಜಾನೆ ಅದೇ ಊರಿನವರನ್ನ ಹೊತ್ತುಕೊಂಡು ತಿರುಗಿ ಬರೋ ಗಾಡಿ. ಇದನ್ನ ಹೇಳಿದ್ದು ಯಾರಿಗಿ? ವಸ್ತಿ ಗಾಡ್ಯಾಗ ಮಲಗಿ ಮಲಗಿ ಬೆನ್ನು ಸೊಟ್ಟ ಆದವ್ರಿಗಿ. ಹಿಂದಿಂದ ಒಬ್ಬ ಅಂದ, "ಖಂಡೆಪ್ಪಾ, ಹಂಗೇ ಬಸ್ ಅಂದ್ರ ಏನು ಅದನ್ನೂ ಹೇಳಿಬಿಡು."

ನಿನಗೇನು ನಗು? ನೀ ಅಲ್ಲಿ ಇದ್ದಿದ್ರ ನನ್ನ ಅಂಗಿ ಹಿಡದು ಜಗ್ಗಿ ಕುಂಡ್ರಸ್ತಿದ್ದಿ.

ಕಲ್ಲ ಗುಂಡಾ? ಬಂತೇನು? ಹಾಂ... ಹಾಂ, ಕಂಡದ. ಬಿಳಿ ಸುಣ್ಣ ಬಡದಾರಲ್ಲ ಅದಕ್ಕ. ಬಡದಿಲ್ಲಾ? ಮಳಿಗಿ ಅಳಿಸಿರಬೇಕು. ಆತು, ದಾಟಿದ್ವಿ.

ಆದ್ರ ಮಲಂಗ್ ಭಾಯಿ, ನಡುವ ಒಂದೆರಡು ಮಾತು ಚಲೋ ಬಂದ್ವು, ಸುಳ್ಳು ಯಾಕ ಹೇಳ್ಲಿ. ಕುಂಚಾವರಂದಾಗ ನಮ್ಮ ಗಾಡಿ ಬಂದ ಮ್ಯಾಲೇ ಒಲಿ ಹಚ್ಚತಾರ ಅಂದೆ. ಪೀರಮ್ಮ ನಮಗ ರೊಟ್ಟಿ ಬಡೀತಾಳ, ಆಕಿಗಿ ನಾವು ಪ್ಯಾಸೆಂಜರಲ್ಲ, ಮನಿಗಿ ಬಂದವ್ರು ಅಂದೆ. ಹೆರಿಗಿ ಬ್ಯಾನಿ ತಿನ್ನಾಕತ್ತಿದ್ದ ತಾಂಡಾದ ಹೆಣ್ಣುಮಗಳನ್ನ ವಸ್ತಿ ಮುರದು ಚಿಂಚೋಳಿ ದವಾಖಾನಿಗಿ ಒಯ್ದಿವಲ್ಲ, ಅದನ್ನೂ ಹೇಳ್ದೆ. ಸೇಠನ ಡ್ರೈವರ್ ಸೇಠನ್ನ ಕೇಳದೆ ಕೀಲಿ ತಿರುಗಿಸಂಗಿಲ್ಲ ಅಂದೆ. ಮಂದಿ ತಲಿ ತೂಗಿದ್ರು. ಅಲ್ಲಿಗೇ ಬಿಟ್ಟು ಕುಂತಿದ್ರ ಆಗಿತ್ತು.

ಕುಂಡ್ರಲಿಲ್ಲ. ಬಾಯಿಗಿ ಬ್ರೇಕ್ ಇಲ್ಲ ನನಗ. ರೋಡಿನ ವರ್ಣನಿ ಸುರು ಮಾಡ್ದೆ. ಈ ರೋಡ್ ಹೊಸಬರ ಕೆಲಸ ಅಲ್ಲ, ಸಭಿಕರೇ. ತಿರುವು ಒಂದಲ್ಲ ಎರಡಲ್ಲ. ಹಳ್ಳದ ಮ್ಯಾಲ ಬ್ರಿಜ್ ಅದ, ಆಜುಬಾಜು ಗ್ವಾಡಿ ಇಲ್ಲ, ಗಾಡಿ ಅಗಲ ಅಷ್ಟೇ ಬ್ರಿಜ್ ಅಗಲ. ಕಾಡಹಂದಿ ಅಡ್ಡ ಬರ್ತಾವ. ಊರ ಬಾಯಾಗ ಬಾವಿ, ಬಾವಿಗಿ ಕಟ್ಟಿ ಇಲ್ಲ. ಕಣ್ಣು ಒಂದು ಗಳಿಗಿ ಆ ಕಡಿ ಈ ಕಡಿ ಆದ್ರ ಗಾಡಿ ಒಂದು ಕಡಿ, ಡ್ರೈವರ್ ಒಂದು ಕಡಿ. ಹಿಂಗ ಕೈ ಮಾಡಿ ಮಾಡಿ ಹೇಳ್ದೆ. ಹೊಸ ಹುಡುಗರ ಮಾರಿ ಬಿಳಿಚಿಕೊಂಡ್ವು. ನನಗ ಖುಷಿಯೋ ಖುಷಿ... ಮಾತು ನಾಟಾಕತ್ತದ ಅಂತ. ನಾಟಿತ್ತು ಖರೆ. ಖಂಡೆಪ್ಪ ರಿಟೈರ್ ಆದ ಮ್ಯಾಲ ಈ ರೋಡ್ ಯಾರ ಕೊಳ್ಳಿಗಿ ಬೀಳ್ತದ ಅಂತ ಒಬ್ಬೊಬ್ಬನೂ ತನ್ನ ಕೊಳ್ಳು ತಾ ಮುಟ್ಟಿ ನೋಡ್ಕೊಂಡ. ಕೊಡೋದು ಬ್ಯಾಡ ಅನ್ನಾವ್ರಿದ್ರಲ್ಲ, ಅರ್ಧ ಮಂದಿ ಅಲ್ಲೇ ತಿರುಗಿಬಿದ್ರು. ಸಾಯಬಣ್ಣ ನನ್ನ ಕಡಿ ಹೆಂಗ ನೋಡಿದ ಅಂತಿ... ಕಾಕಾ, ನೀವು ನಮ್ಮ ಪರ ಮಾತಾಡಿದ್ರೋ ಸೇಠನ ಪರಾನೋ ಅನ್ನೋ ಹಂಗ.

ಅಷ್ಟು ಚಲೋ ಆತು ನನ್ನ ಭಾಷಣ.

ಏನು? ಕೈ ಎತ್ತಿದ್ದಾ? ಎತ್ತಿದ್ರು. ಚಂದ್ರಾಮ ಎಣಿಸಿದ. ಕೊಡಬೇಕು ಅನ್ನಾವ್ರು, ಬ್ಯಾಡ ಅನ್ನಾವ್ರು, ಎರಡೂ ಸರಿಸಮ. ಇನ್ನೊಂದು ಸಲ ಎಣಿಸಿದ. ಒಂದು ಕೈ ಹೆಚ್ಚಾತು. ಕೊಡೋ ಕಡಿ. ಆತು, ಮುಗೀತು. ಬರೋ ತಿಂಗಳಿಂದ ಸೇಠನ ಗಾಡಿ.

ಯಾರ ಕೈ ಅಂತ ನಾ ಏನು ನೋಡ್ಲಿ? ನಾ ಮುಂದಿನ ಸಾಲಿನಾಗ ಕುಂತಿದ್ದೆ, ಹಿಂದಿನ ಮಂದಿ ಕೈ ಬೆನ್ನಿಗಿ ಕಾಣ್ತಾವೇನು?

ನಂದಾ? ನಾ ಹೆಂಗ ಎತ್ತಲಿ? ಒಂದು ಕೈಯಾಗ ಕಪ್ಪು, ಇನ್ನೊಂದು ಕೈಯಾಗ ಬಸಿ. ಚಹಾ ಕುಡ್ಯಾಕತ್ತಿದ್ದೆ. ಮೊದಲನೇ ಸಲ ಎಣಿಸಿದಾಗ ನಾ ಯಾವ ಕಡೀನೂ ಎತ್ತಿಲ್ಲ, ಬೇಕಂದ್ರ ಚಂದ್ರಾಮನ್ನ ಕೇಳು.

ಎರಡನೇ ಸಲ... ಎರಡನೇ ಸಲ ಚಹಾ ಮುಗದಿತ್ತು.

ಆ ಚಹಾದಂಗಡಿಯವ ಇದನ್ನೂ ಹೇಳ್ಯಾನೇನು ನಿನಗ? ಹೇಳ್ಯಾನ? ಬಸಿ ಇಸಕೊಂಡವ ಅವನೇ. ಹಂಗಾದ್ರ ಸೇಡಂ ಬಿಡೋ ಮೊದಲೇ ನಿನಗ ಗೊತ್ತಿತ್ತು. ಗೊತ್ತಿದ್ದೂ ಭಾಷಣ ಹೆಂಗಾತು, ಭಾಷಣ ಹೆಂಗಾತು ಅಂತ ಹಾದಿ ತುಂಬ ನನ್ನ ಬಾಯಿಂದ ಹೊರಡಿಸಾಕತ್ತಿ. ಭಾರಿ ಮನುಷ್ಯ ನೀ. ಟಿಕೀಟ ಇಲ್ಲದ ಪ್ಯಾಸೆಂಜರನ್ನೂ ಹಿಂಗೇ ಹಿಡೀತಿ, ನೋಡೀನಿ. ಮೊದಲು ಊರ ಸುದ್ದಿ, ಮಳಿ ಸುದ್ದಿ, ಆಮ್ಯಾಲ ಟಿಕೀಟ ತೋರಸಪ್ಪಾ ಅಂತಿ.

ಹೇಳ್ತೀನಿ. ತಡಿ... ಮೊದಲು ಬ್ರಿಜ್ ದಾಟ್ಲಿ. ಬಂತಿಲ್ಲ ಬ್ರಿಜ್? ಬಂತು. ಹೇಳು. ಬಲಕ್ಕ ಸ್ವಲ್ಪ? ಸಾಕು? ಇನ್ನೂ ಸ್ವಲ್ಪ... ಹಾಂ. ಈಗ ನೆಟ್ಟಗ. ನೆಟ್ಟಗ ಹೊಂಟೀನಲ್ಲ? ಹೊಂಟೀನಿ... ಗಾಲಿ ಸದ್ದು ಬದಲಾತು. ಮಣ್ಣಿಗಿ ಬಂದ್ವಿ.

ಆತು. ಇನ್ನ ಊರ ತನಕ ನೆಟ್ಟನ ರೋಡ್. ಊರ ಬಾಯಾಗ ಆ ಬಾವಿ ತಿರುವು ಒಂದು, ಅದು ಬಿಟ್ರ ಏನೂ ಇಲ್ಲ.

ಹೌದು ಮಲಂಗ್ ಭಾಯಿ, ಎತ್ತಿದೆ. ನಾನೇ ಎತ್ತಿದೆ. ಹದಿನೈದು ಮಿನಿಟು ಬ್ಯಾಡ ಬ್ಯಾಡ ಅಂತ ಭಾಷಣ ಮಾಡಿ, ಕೊಡಬೇಕು ಅಂತ ಕೈ ಎತ್ತಿದೆ. ಇಂಥಾವ ಇನ್ನೊಬ್ಬ ಸಿಕ್ಕಾನೇನು ನಿನಗ, ಸೇಡಂ ಚಿತ್ತಾಪುರ ಎರಡೂ ತಾಲೂಕು ಹುಡುಕಿದ್ರೂ? ಕೈ ಎತ್ತಿದಾಗ ಎಲ್ಲಾರೂ ನನ್ನ ಕಡಿ ತಿರುಗಿದ್ರು. ಚಂದ್ರಾಮ ಅಂದ, "ಖಂಡೆಪ್ಪಾ, ನಾ ಕೇಳಿದ್ದು ಕೊಡಬೇಕು ಅನ್ನಾವ್ರ ಕೈ." ಅವನಿಗಿ ಅನಿಸ್ತು ನಾ ತಪ್ಪಿ ಎತ್ತೀನಿ ಅಂತ. ಅಲ್ಲಿ ಒಂದು ಮಾತು ಸಿಕ್ಕಿತ್ತು ನನಗ. ಹೌದೇನು, ಕಿವಿ ಕೇಳಲಿಲ್ಲ ಅಂತ ಇಳಿಸಿಬಿಡಬಹುದಿತ್ತು. ಇಳಿಸಲಿಲ್ಲ. ಗೊತ್ತದ ಅಂದೆ.

ಯಾಕ ಅಂತ ಕೇಳವಲ್ಲಿ?

ಕೇಳಲಿಲ್ಲ ಅಂದ್ರೂ ಹೇಳ್ತೀನಿ. ವಯಸ್ಸಾತು. ಬೆನ್ನು ಮಾತು ಕೇಳಂಗಿಲ್ಲ. ನಿನಗೇನು, ಸಣ್ಣವ, ಸೀಟಿನ ಮ್ಯಾಲ ಮುದುಡಿಕೊಂಡು ಮಲಗ್ತಿ. ನನಗ ಮೂರು ಮಂದಿ ಸೀಟು ಸಾಲಂಗಿಲ್ಲ, ಹೊಟ್ಟಿ ಒಂದು ಸೀಟು ಹಿಡೀತದ... ಆಮ್ಯಾಲ ನಮ್ಮ ಮನಿಯಾಕಿ ಅನಸುಬಾಯಿ ಅನ್ನಾಕತ್ತಾಳ. ಒಂಬತ್ತು ವರ್ಷ ಆತು, ಊರಾಗ ನನಗ ಡ್ರೈವರನ ಹೆಂಡ್ತಿ ಅಂತಾರ, ಡ್ರೈವರ್ ಯಾರು ಅಂತ ನನಗೇ ಗೊತ್ತಿಲ್ಲ ಅಂತಾಳ. ಬ್ಯಾಸರ ಆಗ್ಯದ ಆಕಿಗಿ.

ಸುಳ್ಳು. ಆಕಿಗಿ ಬ್ಯಾಸರ ಏನಿಲ್ಲ. ನಾ ಇಲ್ಲದ ರಾತ್ರಿ ಮನ್ಯಾಗ ಗೊರಕಿ ಇರಂಗಿಲ್ಲ ಅಂತ ನಿನ್ನ ಮುಂದೇ ಅಂದಿದ್ಲು.

ಇನ್ನ ಪೀರಮ್ಮನ ಪುಂಡಿಪಲ್ಯ... ಆ ಖಾರ ನನಗ ಆಗವಲ್ದು. ಮುಂಜಾನೆ ಎದ್ದ್ರ ಹೊಟ್ಟಿ ಉರಿ. ಅದಕ್ಕ ಬ್ಯಾಡ ಅನಿಸ್ತು.

ಪಲ್ಯದ ಸಲುವಾಗಿ ರೂಟ್ ಕೊಟ್ಟ ಡ್ರೈವರ್ ಅಂತ ನಗಬಾರದೇನು? ನಗು ಅಂತ ಹೇಳ್ದೆ.

ಮಲಂಗ್ ಭಾಯಿ?

ಸಿಟ್ಟಿಗಿ ಎದ್ದಿ. ಏಳು. ಸಿಟ್ಟು ಬರಬೇಕಾದ್ದೇ. ನಾ ಹಗಲಿನ ಗಾಡಿಗಿ ಹೋಗ್ತೀನಿ, ಸೇಡಂ ವಾಡಿ, ಸೇಡಂ ವಾಡಿ, ಸಂಜಿಗಿ ಮನಿ. ನೀ ಇಲ್ಲೇ ಇರ್ತಿ, ಆ ಕಲ್ಲಿನ ಲಾರಿಯವನ ಬಾಜೂಕ. ಒಂಬತ್ತು ವರ್ಷದ ಜೋಡಿ ಮುರದವ ನಾ. ಎರಡು ಬೈಗಳ ಬೈಯಿ. ಬೈದ್ರ ಬಾಯಿ ಬರ್ತದಲ್ಲ, ಸುಮ್ಮ ಕುಂತ್ರ ನಾ ಏನು ತಿಳ್ಕೋಬೇಕು? ಇದ್ದಿ ಇಲ್ಲೋ ಅಲ್ಲಿ? ಇದ್ದಿ, ಇದ್ದಿ, ಬೀಡಿ ವಾಸನಿ ಬರಾಕತ್ತದ.

ಬಾವಿ ಬಂತೇನು?

ನಾ ಕೇಳಿದ್ದು... ಬಾವಿ ತಿರುವು. ನೀ ದಿನಾ ಹೇಳ್ತಿ. ಬ್ರಿಜ್ ದಾಟಿ ನಾಕು ಮಾತಾಡೋದ್ರಾಗ ಬಾವಿ ಬಂತು ಉಸ್ತಾದ ಅಂತಿ, ನಾ ಎಡಕ್ಕ ತಿರುವ್ತೀನಿ. ಇವತ್ತು ಎಷ್ಟು ಮಾತಾಡಿದ್ವಿ? ನಾನೇ ಆಡಿದ್ದು, ನೀ ಆಡಿಲ್ಲ, ಅದಕ್ಕ ಲೆಕ್ಕ ತಪ್ಪಿತು. ಬಂದಿರಬೇಕು... ಇಲ್ಲ, ಇನ್ನೂ ಇಲ್ಲ. ಗೇರ್ ಇಳಸ್ತೀನಿ. ಒಂದನೇದಕ್ಕ ಹಾಕೀನಿ. ಎತ್ತಿನ ಬಂಡಿ ಹೋದಂಗ ಹೊಂಟೀನಿ ನೋಡು.

ಭಾಯಿ, ಸಿಟ್ಟು ಊರಿಗಿ ಹೋಗಿ ಮಾಡು. ಹಿಂದ ಮಂದಿ ಕುಂತಾರ. ಬಾವಿ ಬಂತೋ ಇಲ್ಲೋ ಅಷ್ಟು ಹೇಳು.

ಇಲ್ಲ. ನನ್ನ ಕೈಲೆ ಆಗಂಗಿಲ್ಲ. ನಿಂದ್ರಿಸಿದೆ. ಬ್ರೇಕ್ ಎಳದೀನಿ, ಇಂಜಿನ್ ಬಂದ್ ಮಾಡೀನಿ.

ಹಿಂದ ಯಾರೋ ಏನೋ ಅನ್ನಾಕತ್ತಾರ. ಇಂಜಿನ್ ಕಾದದ ಅಂತ ಹೇಳು ಅವ್ರಿಗಿ. ನೀ ಹೇಳಂಗಿಲ್ಲ... ಏ ಅಣ್ಣಾ, ಇಂಜಿನ್ ಕಾದದ, ಒಂದು ಬೀಡಿ ಸೇದೋ ತನಕ ಕುಂದ್ರಿ.

ಬಾಗಿಲು ಯಾಕ ತೆರದ್ರು? ಇಳ್ಯಾಕತ್ತಾರಲ್ಲ. ಅಡವ್ಯಾಗ ಎಲ್ಲಿ ಇಳೀತಾರ ಇವ್ರು, ಹೊತ್ತು ಮುಳುಗಿದ ಮ್ಯಾಲ? ಏನಂದ ಅವ... ಊರು ಬಂತು, ಇಲ್ಲೇ ಇಳಿದ್ರ ಮನಿ ಹತ್ರ ಅಂದ?

ಊರು ಬಂದದೇನು ಮಲಂಗ್ ಭಾಯಿ?

ಕರೆಂಟ್ ಹೋಗ್ಯದ, ಅದಕ್ಕ. ಊರ ತುಂಬ ಒಂದೂ ದೀಪ ಇಲ್ಲ. ಇಂಥಾ ಕತ್ತಲದಾಗ ಊರು ಯಾರಿಗಿ ಕಾಣ್ತದ...

ಅವ್ರಿಗಿ ಕಂಡದ. ಗಂಟು ಹೊತ್ತುಕೊಂಡು ಹೊಂಟಾರ. ಕೂಸಿನವ್ವ ಬಾವಿ ಕಡಿ ಹೋಗಬ್ಯಾಡ ಅಂತ ಕೂಸಿಗಿ ಬೈಯಾಕತ್ತಾಳ. ಅಂದ್ರ ಬಾವೀನೂ ಇಲ್ಲೇ ಅದ. ಎಷ್ಟು ದೂರ ಅದ, ಗಾಲಿಯಿಂದ? ಹೇಳಬ್ಯಾಡ. ಹೇಳಬ್ಯಾಡ ಬಿಡು.

ನೀ ಬ್ರಿಜ್ ದಾಟೋ ತನಕ ಹೇಳಿದಿ. ಬ್ರಿಜ್ ದಾಟಿದ ಮ್ಯಾಲ ಬಾಯಿ ಮುಚ್ಚಿದಿ. ಸಿಟ್ಟಿಗಿ ಎದ್ದವ ಅಷ್ಟು ಹಿಸಾಬಿಲೆ ಸುಮ್ಮ ಆಗಂಗಿಲ್ಲ.

ನೀ ಮೊದಲು ಹಿಂದಿನ ಸೀಟಿನಾಗ ಕುಂಡ್ರತಿದ್ದಿ. ಕಾಲು ಚಾಚಿ ನಿದ್ದಿ ಹೊಡೀತಿದ್ದಿ. ಬಾನೆಟ್ ಮ್ಯಾಲ ಬಂದು ಕುಂತಿದ್ದು ಯಾವಾಗ... ಹೋದ ವರ್ಷ ಆ ಎಮ್ಮಿಗಿ ಗಾಡಿ ತಾಗಿಸಿದ್ನಲ್ಲ, ಅದರ ಮರುದಿನ. ಕರೀ ಎಮ್ಮಿ, ಸಂಜಿ ಹೊತ್ತು, ಯಾರಿಗಿ ಕಾಣ್ತದ ಅಂತ ನಾ ಅಂದೆ. ಹೌದು ಉಸ್ತಾದ, ಯಾರಿಗಿ ಕಾಣ್ತದ ಅಂತ ನೀನೂ ಅಂದಿ. ಮರುದಿನ ಬಂದು ಇಲ್ಲಿ ಕುಂತು ಗಿಡದ ಹೆಸರು ಹೇಳಾಕ ಸುರು ಮಾಡ್ದಿ. ನಾ ಏನು ತಿಳ್ಕೊಂಡಿದ್ದೆ ಗೊತ್ತದೇನು? ಮಲಂಗನಿಗಿ ಬಾಯಿ ಚಟ. ಹೇಳ್ಲಿ ಪಾಪ, ನನಗೂ ಉಪಯೋಗ ಆಗ್ತದ, ಅವನಿಗಿ ಏನು ಗೊತ್ತಾಗ್ತದ ಅಂತ. ನಿನ್ನಿಂದ ಮುಚ್ಚಿಟ್ಟೀನಿ ಅಂತ ನಾ ಎಷ್ಟು ಹುಷಾರಿ ಮಾಡೀನಿ ಮಲಂಗ್ ಭಾಯಿ... ಎಷ್ಟು ಸಲ, ಕಂಡದ ಬಿಡು ಅಂದೀನಿ.

ಹಗಲ ಏನೂ ಇಲ್ಲ ನನಗ. ಹಗಲ ಎಲ್ಲಾ ಕಾಣ್ತದ, ಆಣಿ ಮಾಡಿ ಹೇಳ್ತೀನಿ. ಹೊತ್ತು ಮುಳುಗಿತು ಅಂದ್ರ ಕಣ್ಣಿಗಿ ಕಂಬಳಿ ಹೊಚ್ಚಿದಂಗ. ಡ್ಯೂಟಿ ಬದಲ್ ಮಾಡ್ರಿ ಅಂತ ಕೇಳಬಹುದಿತ್ತು. ಕೇಳಿದ್ರ ಯಾಕ ಅಂತಾರ. ಯಾಕ ಅಂತ ಹೇಳಿದ್ರ ಸ್ಟೇರಿಂಗ್ ಬಿಡಿಸಿ ಡಿಪೋ ಗೇಟಿಗಿ ಕುಂಡ್ರಸ್ತಾರ. ಅಲ್ಲಾವುದ್ದೀನ ಒಳಗ ಹೋಗುವಾಗ ನಾ ಗೇಟ್ ತಗೀಬೇಕು. ಅದಕ್ಕ... ರೂಟೇ ಹೋದ್ರ ಯಾರೂ ಯಾಕ ಅನ್ನಂಗಿಲ್ಲ ಅಂತ ಅನಿಸ್ತು. ಎಲ್ಲಾರದೂ ಹೋತಲ್ಲ, ಅದರಾಗ ನಂದೂ ಹೋತು. ಸಾಯಬಣ್ಣನಂಥಾ ಹುಡುಗರ ರೋಡ್, ಈ ಊರ ಮಂದಿ ಗಾಡಿ, ನೀ... ಎಲ್ಲಾ ಕೂಡಿಸಿ ಒಂದು ಕೈಲೆ ಎತ್ತಿ ಕೊಟ್ಟೆ. ಒಂದು ಜೋಡಿ ಕಣ್ಣಿನ ಸಲುವಾಗಿ. ಅದೂ ಅರ್ಧ ದಿನ ಕಾಣೋ ಕಣ್ಣು.

ಈಗಾದ್ರೂ ಏನಾರ ಅನ್ನು.

ಯಾರು? ಯಾರೋ ಕರದ್ರು. ಪೀರಮ್ಮನ ಧ್ವನಿ. ಪೀರಮ್ಮಾ, ಗಾಡಿ ಇಲ್ಲೇ ನಿಂತದವ್ವಾ, ಬರ್ತೀವಿ... ಏನಂತಾಳ ಆಕಿ? ಆಗಿಂದ ಇಲ್ಲೇ ನಿಂತೀನಿ, ನಿನ್ನ ಮಾರಿ ಮುಂದೇ ಹಿಡದೀನಿ, ಕೈ ನೋಯಾಕತ್ತದ, ನೀರಿನ ತಂಬಿಗಿ ತಗೊಳಪ್ಪಾ ಅಂತಾಳ. ತಗೋತೀನಿ ಯವ್ವಾ, ತಗೋತೀನಿ. ಒಂದು ಗಳಿಗಿ...

ಮಲಂಗ್ ಭಾಯಿ, ತಂಬಿಗಿ ಎಲ್ಲದ? ಅದೊಂದು ಹೇಳು.